ಸರ್ಕಲಿನಲ್ಲಿ ನಿಲ್ಲಿಸುವ ಮೊದಲು

ಲಕ್ಷ್ಮಪ್ಪ ಬಂಗರಸನಿಗೆ ಒಂದು ಪ್ರತಿಮೆ ಆಗಬೇಕು ಅಂತ ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ. ಯಾವ ಲಕ್ಷ್ಮಪ್ಪ?

ತಮಾಷೆಗೆ ಹೇಳಿದ್ದಲ್ಲ ಮಾರಾಯ್ರೆ. ತುಳುನಾಡಿನ ಕಥೆಗಳಲ್ಲಿ ಈ ಹೆಸರಿನವರು ಇಬ್ಬರು ಬರುತ್ತಾರೆ. ಒಬ್ಬ ಪೋರ್ಚುಗೀಸರ ಕಾಲದವನು, ಉಳ್ಳಾಲದ ರಾಣಿ ಅಬ್ಬಕ್ಕನ ಗಂಡ. ಹೆಂಡತಿಯೊಂದಿಗೆ ವಿರಸವಾಗಿ ಪರಂಗಿಯವರ ಪಕ್ಷಕ್ಕೆ ಹೋದ ಅಂತ ಅವನ ಮೇಲೆ ಆರೋಪ. ಇನ್ನೊಬ್ಬ 1837ರವನು, ಪಾಣೆಮಂಗಳೂರಿನ ಹತ್ತಿರ ನೇತ್ರಾವತಿ ದಂಡೆಯ ನಂದಾವರದ ಬಂಗರಸ. ಇಂಗ್ಲಿಷರ ವಿರುದ್ಧ ಎದ್ದ ರೈತರ ಜೊತೆ ಸೇರಿ ಗಲ್ಲಿಗೇರಿದವನು. ಮನೆತನ ಒಂದೇ, ಹೆಸರೂ ಒಂದೇ. ಒಬ್ಬನನ್ನು ದ್ರೋಹಿ ಅಂತೇವೆ, ಇನ್ನೊಬ್ಬನನ್ನು ಹುತಾತ್ಮ ಅಂತೇವೆ. ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುವವನಿಗೆ ಪೀಠದ ಮೇಲೆ ಬರೀ ಹೆಸರು ಕಂಡರೆ ಏನು ತಿಳಿಯಬೇಕು?

ಪೇಟೆಯ ನಡುವೆ ಚರಿತ್ರೆಯ ನಾಯಕರನ್ನು ನಿಲ್ಲಿಸುವ ಉತ್ಸಾಹ ಈಗ ಜೋರಾಗಿ ಉಂಟು. 2022ರ ನವೆಂಬರ್ 11ರಂದು ಬೆಂಗಳೂರಿನ ವಿಮಾನ ನಿಲ್ದಾಣದ ಎದುರು 108 ಅಡಿಯ ಕೆಂಪೇಗೌಡರು ಎದ್ದು ನಿಂತರು. ಎಂಟು ದಿನ ಕಳೆದು, ನವೆಂಬರ್ 19ರಂದು, ಮಂಗಳೂರಿನ ಬಾವುಟಗುಡ್ಡೆಯ ಟ್ಯಾಗೋರ್ ಪಾರ್ಕಿನಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಅನಾವರಣ ಆಯ್ತು. ಉಳ್ಳಾಲದಲ್ಲಿ ಅಬ್ಬಕ್ಕನ ಕಂಚಿನ ಪ್ರತಿಮೆ ಅದಕ್ಕೂ ಮೊದಲಿನಿಂದಲೇ ಇದೆ. ಪ್ರತಿಮೆ ಬೇಡ ಅನ್ನುವುದಕ್ಕೆ ಈ ಬರಹ ಅಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ಮೂರು ಊರಿನ ನಡುವೆ ಓಡಾಡುವ ನಾವು, ನಮ್ಮ ಹಿರಿಯರು ನಾಯಕರನ್ನು ಹೇಗೆ ನೆನಪಿಟ್ಟುಕೊಂಡರು ಅಂತ ಒಮ್ಮೆ ನೋಡಿಕೊಂಡು ಆಮೇಲೆ ಸಿಮೆಂಟು ಕಲಸುವುದು ಒಳ್ಳೆಯದು, ಅಷ್ಟೇ.

ಪೇಟೆಯಲ್ಲಿ ಆಳಿದವರ ಪ್ರತಿಮೆ ನಿಲ್ಲಿಸುವ ಪದ್ಧತಿ ನಮಗೆ ಬಂದದ್ದು ಇಂಗ್ಲಿಷರಿಂದ. ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕುದುರೆ ಏರಿದ ಪ್ರತಿಮೆ ಬೆಂಗಳೂರಿನಲ್ಲಿ ನಿಂತದ್ದು 1866ರಲ್ಲಿ. ಅದಕ್ಕೆ ಮೊದಲು ನಮ್ಮ ಅರಸರ ಮೂರ್ತಿಗಳೇ ಇರಲಿಲ್ಲ ಅಂತಲ್ಲ. ತಿರುಮಲೆಯ ದೇವಸ್ಥಾನದಲ್ಲಿ ಕೃಷ್ಣದೇವರಾಯ ಇಬ್ಬರು ರಾಣಿಯರ ಜೊತೆ ಲೋಹದಲ್ಲಿ ನಿಂತಿದ್ದಾನೆ. ಆದರೆ ಹೇಗೆ ನಿಂತಿದ್ದಾನೆ ನೋಡಿ: ದೇವಸ್ಥಾನದ ಒಳಗೆ, ಕೈ ಮುಗಿದುಕೊಂಡು, ಭಕ್ತನ ಹಾಗೆ. ರಸ್ತೆಯ ಮಧ್ಯೆ ಕತ್ತಿ ಎತ್ತಿಕೊಂಡು ಹೋಗಿಬರುವವರನ್ನು ನೋಡುವ ಭಂಗಿ ಆಮೇಲಿನದ್ದು. ಅಂದ ಹಾಗೆ ಆ ಕಬ್ಬನ್ ಸಾಹೇಬರ ಕುದುರೆಯೂ ಹೈಕೋರ್ಟಿನ ಅಂಗಳದಿಂದ 2020ರಲ್ಲಿ ಎದ್ದು ಕಬ್ಬನ್ ಪಾರ್ಕಿನೊಳಗೆ ಹೋಯಿತು. ಕಂಚಿನ ಕುದುರೆಗೂ ವರ್ಗಾವಣೆ ತಪ್ಪಲಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಬಂಟ್ವಾಳದ ಸುತ್ತ ಬಂಗರು, ವೇಣೂರಿನಲ್ಲಿ ಅಜಿಲರು, ಮೂಡುಬಿದಿರೆಯಲ್ಲಿ ಚೌಟರು ಆಳಿದರು. ಬಂಗರ ಮೂಲ ನೆಲೆ ಬೆಳ್ತಂಗಡಿ ತಾಲೂಕಿನ ಬಂಗಾಡಿ. ನಂದಾವರ, ಮಂಗಳೂರು ಆಮೇಲಿನವು. ಚಿಕ್ಕ ಚಿಕ್ಕ ಅರಸೊತ್ತಿಗೆಗಳು, ಅಳಿಯಸಂತಾನದ ಮನೆತನಗಳು. ತಮ್ಮೊಳಗೇ ಹೆಣ್ಣು ಕೊಟ್ಟು ತರುತ್ತಿದ್ದರು, ತಮ್ಮೊಳಗೇ ಜಗಳವನ್ನೂ ಆಡುತ್ತಿದ್ದರು. ಇವರು ಪ್ರತಿಮೆ ಮಾಡಿಸಲಿಲ್ಲವೇ? ಮಾಡಿಸಿದರು. ಆದರೆ ಯಾರದ್ದು?

ಗುರುವಾಯನಕೆರೆಯಿಂದ ಮೂಡುಬಿದಿರೆಯ ಕಡೆ ಹೋಗುವ ಬಸ್ಸು ವೇಣೂರಿನಲ್ಲಿ ನಿಲ್ಲುತ್ತದೆ. ಅಲ್ಲಿ ಫಲ್ಗುಣಿ ಹೊಳೆಯ ದಡದಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಬಾಹುಬಲಿ ಇದ್ದಾನೆ. ಸುಮಾರು 35 ಅಡಿ ಎತ್ತರ, ಏಕಶಿಲೆ. ಇದರ ಹಿಂದೆ ಒಂದು ಕಥೆಯೂ ಉಂಟು. ಕಾರ್ಕಳದಲ್ಲಿ 1432ರಲ್ಲೇ 42 ಅಡಿಯ ಗೊಮ್ಮಟ ನಿಂತಿದ್ದ. ಪಕ್ಕದ ಸೀಮೆಯಲ್ಲಿ ಇನ್ನೊಂದು ಎದ್ದರೆ ತನ್ನ ಊರಿನ ಮಹಿಮೆ ಕಡಿಮೆ ಆಗುತ್ತದೆ ಅಂತ ಕಾರ್ಕಳದ ಅರಸ ತಕರಾರು ತೆಗೆದ. ಅಜಿಲ ಮೂರ್ತಿಯನ್ನು ಹೊಳೆಯ ಮರಳಿನಲ್ಲಿ ಹೂತು ಅಡಗಿಸಿ, ಯುದ್ಧ ಮಾಡಿ ಗೆದ್ದು, ಆಮೇಲೆ ನಿಲ್ಲಿಸಿದ ಅಂತ ಜನ ಹೇಳುತ್ತಾರೆ. ನನ್ನದು ಎತ್ತರವೋ ನಿನ್ನದು ಎತ್ತರವೋ ಎಂಬ ಪೈಪೋಟಿ ಇವತ್ತಿನದ್ದಲ್ಲ ಅಂತ ಇದರಿಂದ ಗೊತ್ತಾಗುತ್ತದೆ.

ಆದರೆ ಗಮನಿಸಬೇಕಾದ್ದು ಇನ್ನೊಂದು. ಅಷ್ಟು ಜಗಳ ಮಾಡಿ ನಿಲ್ಲಿಸಿದ ಕಲ್ಲಿನಲ್ಲಿ ಅಜಿಲ ತನ್ನ ಮುಖ ಕೆತ್ತಿಸಲಿಲ್ಲ. ಅಣ್ಣನನ್ನು ಗೆದ್ದ ಮೇಲೆ ರಾಜ್ಯವನ್ನೇ ಬಿಟ್ಟುಕೊಟ್ಟು ಹೋದವನನ್ನು ಕೆತ್ತಿಸಿದ. ತನ್ನ ಹೆಸರನ್ನು ಪಕ್ಕದ ಶಾಸನದಲ್ಲಿ ಬರೆಸಿದ: ತಾನು ಯಾರ ಮಗ, ಯಾರ ತಮ್ಮ, ಯಾವ ಗುರುವಿನ ಮಾತಿನಂತೆ ಇದನ್ನು ಮಾಡಿಸಿದೆ, ಯಾವ ವರ್ಷ. ಅಂದರೆ ನಾಲ್ಕು ನೂರು ವರ್ಷ ಕಳೆದ ಮೇಲೂ ನಮಗೆ ತಿಮ್ಮಣ್ಣ ಅಜಿಲನ ಮುಖ ಗೊತ್ತಿಲ್ಲ, ವಿಳಾಸ ಗೊತ್ತುಂಟು. ಮತ್ತೆ ಆ ಮೂರ್ತಿಯನ್ನು ಊರು ಮರೆತೂ ಇಲ್ಲ. 2000, 2012, 2024, ಹನ್ನೆರಡು ವರ್ಷಕ್ಕೊಮ್ಮೆ ಅಟ್ಟಳಿಗೆ ಕಟ್ಟಿ ಮಹಾಮಸ್ತಕಾಭಿಷೇಕ ಮಾಡುತ್ತದೆ. ಬೆಳ್ತಂಗಡಿ ತಾಲೂಕಿನ ಇನ್ನೊಂದು ಬಾಹುಬಲಿ, ಧರ್ಮಸ್ಥಳದ 39 ಅಡಿಯದ್ದು, ನಮ್ಮ ಕಾಲದ್ದೇ. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕೆತ್ತಿ, 1973ರಲ್ಲಿ ಟ್ರಾಲಿಯ ಮೇಲೆ ಸಾಗಿಸಿ, 1982ರಲ್ಲಿ ಪ್ರತಿಷ್ಠೆ ಆದದ್ದು. ಅದು ರಸ್ತೆಯಲ್ಲಿ ಹೋಗುವುದನ್ನು ನೋಡಲು ಜನ ಸಾಲುಗಟ್ಟಿ ನಿಂತಿದ್ದರು ಅಂತ ಹಿರಿಯರು ಈಗಲೂ ಹೇಳ್ತಾರೆ.

ಮೂಡುಬಿದಿರೆಯದ್ದು ಮತ್ತೊಂದು ಬಗೆ. ಸಾವಿರ ಕಂಬದ ಬಸದಿ 1430ರದ್ದು ಅಂತ ಎಲ್ಲರಿಗೂ ಗೊತ್ತು, ಪ್ರವಾಸಿಗಳ ಬಸ್ಸು ನಿಲ್ಲುವುದೂ ಅಲ್ಲೇ. ಆದರೆ ಕೊಡಂಗಲ್ಲಿನಲ್ಲಿ ಅಂತಸ್ತು ಅಂತಸ್ತಾಗಿ ಎದ್ದು ನಿಂತ ಕಲ್ಲಿನ ನಿಸಿದಿಗಳಿವೆ, ಜೈನ ಮುನಿಗಳ, ದೊಡ್ಡವರ ಸಮಾಧಿಗಳು. ಅಲ್ಲಿ ಮುಖ ಇಲ್ಲ, ಹೆಚ್ಚಿನವುಗಳಲ್ಲಿ ಹೆಸರೂ ಇಲ್ಲ. ಪೇಟೆಯೊಳಗಿನ ಚೌಟರ ಅರಮನೆಯ ಮರದ ಕಂಬದಲ್ಲಿ ಒಂಬತ್ತು ಹೆಂಗಸರು ಸೇರಿ ಒಂದು ಆನೆ ಆಗಿದ್ದಾರೆ, ಐವರು ಸೇರಿ ಒಂದು ಕುದುರೆ ಆಗಿದ್ದಾರೆ. ನವನಾರಿ ಕುಂಜರ, ಪಂಚನಾರಿ ತುರಗ ಅಂತ ಅವುಗಳ ಹೆಸರು. ಅಬ್ಬಕ್ಕ ಹುಟ್ಟಿದ ಮನೆತನದ ಅರಮನೆ ಇದು. ಅಲ್ಲಿರುವ ಕುದುರೆ ಐದು ಹೆಂಗಸರಿಂದ ಆದ ಕುದುರೆ ಅನ್ನುವುದು ನನಗೆ ಯಾವಾಗಲೂ ಸೋಜಿಗ.

ಇನ್ನು ಸಾಮಾನ್ಯ ಜನ ತಮ್ಮ ವೀರರನ್ನು ಇಟ್ಟುಕೊಂಡದ್ದು ಗರಡಿಯಲ್ಲಿ. ಕೋಟಿ ಚೆನ್ನಯರಿಗೆ ಮೂರ್ತಿ ಉಂಟು, ಆದರೆ ಅದು ಸುಮ್ಮನೆ ನಿಂತುಕೊಳ್ಳುವ ಮೂರ್ತಿ ಅಲ್ಲ. ವರ್ಷಕ್ಕೊಮ್ಮೆ ನೇಮ ಆಗುತ್ತದೆ, ಪಾಡ್ದನ ಹೇಳುತ್ತಾರೆ. ಅವರಿಗೆ ಯಾರು ಅನ್ಯಾಯ ಮಾಡಿದರು, ಅವರು ಏನು ಮಾತು ಆಡಿದರು, ಎಲ್ಲಿ ಬಿದ್ದರು, ಎಲ್ಲ ಅಲ್ಲಿ ಬರುತ್ತದೆ. ಕಲ್ಲು ಎಷ್ಟು ನೆನಪು ಉಳಿಸಿತೋ ಅದಕ್ಕಿಂತ ಹೆಚ್ಚು ಬಾಯಿ ಉಳಿಸಿತು.

ಹಾಗಾದರೆ ಅಬ್ಬಕ್ಕ? ಅವಳ ಬಗ್ಗೆ ಪಾಠ ಉಂಟು, ಯಕ್ಷಗಾನ ಉಂಟು, 2012ರಲ್ಲಿ ಕೋಸ್ಟ್ ಗಾರ್ಡಿನ ಹಡಗಿಗೂ ಅವಳ ಹೆಸರು ಬಂತು. ಮೆರವಣಿಗೆಯ ಟ್ಯಾಬ್ಲೋದಲ್ಲಿ ಅವಳು ಬರುವುದು ಹೆಚ್ಚಾಗಿ ಕುದುರೆಯ ಮೇಲೆ, ಕೈಯಲ್ಲಿ ಕತ್ತಿ. ಅವಳ ಕಾಲದಲ್ಲಿ ಅವಳನ್ನು ನೋಡಿ ಬರೆದ ಚಿತ್ರ ಒಂದೂ ನಮ್ಮ ಕೈಯಲ್ಲಿಲ್ಲ. ಹಾಗಾಗಿ ಕಲಾವಿದರು ಝಾನ್ಸಿ ರಾಣಿಯ, ಕಿತ್ತೂರು ಚೆನ್ನಮ್ಮನ ನೆನಪಿನಲ್ಲೇ ಅಬ್ಬಕ್ಕನನ್ನೂ ಮಾಡುತ್ತಾರೆ. ತಪ್ಪು ಹೇಳುವ ಹಾಗಿಲ್ಲ, ಬೇರೆ ಎಂಥ ಮಾಡುವುದು?

ಆದರೆ ಬರಹದಲ್ಲಿ ಒಂದು ಚಿತ್ರ ಉಂಟು. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಯಾತ್ರಿಕ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಹೋಗಿ, ಹಿಂದೆ ಬರುವಾಗ ಉಳ್ಳಾಲದ ರಾಣಿಯನ್ನು ನೋಡಬೇಕು ಅಂತ ಹುಡುಕಿಕೊಂಡು ಬಂದ. ಅವಳು ಅರಮನೆಯಲ್ಲಿ ಇರಲಿಲ್ಲ. ಅಗೆಸುತ್ತಿದ್ದ ಕಾಲುವೆಗಳನ್ನು ನೋಡಲಿಕ್ಕೆ ನಡೆದುಕೊಂಡು ಹೊರಟಿದ್ದವಳು ದಾರಿಯಲ್ಲಿ ಸಿಕ್ಕಿದಳು. ಸುಮಾರು ನಲವತ್ತರ ವಯಸ್ಸು, ಕಪ್ಪು ಬಣ್ಣ, ಗಟ್ಟಿ ಮೈಕಟ್ಟು, ಬರಿಗಾಲು. ಸೊಂಟಕ್ಕೆ ಒಂದು ದಪ್ಪ ಬಿಳಿ ಹತ್ತಿಬಟ್ಟೆ, ತಲೆಯಿಂದ ಹೆಗಲಿಗೆ ಇಳಿದ ಇನ್ನೊಂದು ತುಂಡು ಬಟ್ಟೆ, ಮೇಲೆ ಗರಿಯ ಕೊಡೆ. ನೋಡಿದರೆ ಅಡುಗೆಮನೆಯ ಕೆಲಸದವಳೋ ಬಟ್ಟೆ ಒಗೆಯುವವಳೋ ಅನ್ನುವ ಹಾಗಿದ್ದಾಳೆ ಅಂತ ಅವನು ಬರೆಯುತ್ತಾನೆ. ಪೋರ್ಚುಗೀಸರ ಸೈನ್ಯವನ್ನು ಕಾಡಿದವಳು ಇವಳಾ ಅಂತ ಅವನಿಗೆ ಆಶ್ಚರ್ಯ. ಆದರೆ ಮಾತಾಡಲು ಶುರು ಮಾಡಿದ ಕೂಡಲೇ ಅಭಿಪ್ರಾಯ ಬದಲಾಯಿತು: ಸ್ವರ, ವಿವೇಕ ಎರಡರಲ್ಲೂ ರಾಣಿತನ ಕಂಡಿತು.

ಇದರಲ್ಲಿ ಯುರೋಪಿನವನ ಅಹಂಕಾರ ಉಂಟು, ಬಣ್ಣದ ಬಗ್ಗೆ ಅವನ ಮಾತುಗಳೂ ಹಾಗೇ ಇವೆ. ಅದನ್ನು ಬದಿಗಿಟ್ಟು ನೋಡಿ. ಅವಳನ್ನು ಕಣ್ಣಾರೆ ಕಂಡು ಬರೆದವನ ಅಬ್ಬಕ್ಕನಲ್ಲಿ ಕುದುರೆ ಇಲ್ಲ, ಕತ್ತಿ ಇಲ್ಲ. ನೀರಿನ ಕೆಲಸ ಸರಿಯಾಗಿ ಆಗ್ತಾ ಉಂಟಾ ಅಂತ ಬರಿಗಾಲಲ್ಲಿ ನೋಡಲು ಹೊರಟ ಒಬ್ಬ ಯಜಮಾನಿ ಇದ್ದಾಳೆ. ನಮ್ಮ ಕಡೆಯ ತೋಟದ ಮನೆಗಳಲ್ಲಿ ಇಂಥ ದೊಡ್ಡಮ್ಮ, ಅಜ್ಜಿಯರನ್ನು ನೋಡದವರು ಯಾರಿದ್ದಾರೆ ಹೇಳಿ? ಈ ಅಬ್ಬಕ್ಕನಿಗೆ ಪ್ರತಿಮೆ ಮಾಡುವ ಧೈರ್ಯ ನಮಗೆ ಉಂಟಾ?

ಇಲ್ಲಿ ಇನ್ನೊಂದು ತೊಡಕು. ಅಬ್ಬಕ್ಕ ಪೋರ್ಚುಗೀಸರನ್ನು ಎದುರಿಸಿದ ಪ್ರಸಿದ್ಧ ಯುದ್ಧಗಳು 1555, 1568ರವು ಅಂತ ಹೇಳುತ್ತೇವೆ. 1623ರಲ್ಲಿ ನಲವತ್ತರ ಆಸುಪಾಸಿನ ಹೆಂಗಸು 1568ರಲ್ಲಿ ಹುಟ್ಟಿರಲೂ ಸಾಧ್ಯ ಇಲ್ಲ. ಅಂದರೆ ಉಳ್ಳಾಲದಲ್ಲಿ ಒಬ್ಬಳಿಗಿಂತ ಹೆಚ್ಚು ರಾಣಿಯರು ಈ ಹೋರಾಟ ನಡೆಸಿದರು, ನಮ್ಮ ನೆನಪು ಅವರನ್ನೆಲ್ಲ ಒಬ್ಬಳೇ ಅಬ್ಬಕ್ಕನನ್ನಾಗಿ ಮಾಡಿತು. ಬಂಗರಸನ ಜೊತೆಗಿನ ಜಗಳ, ಅವನು ಕೊಟ್ಟ ಒಡವೆಗಳನ್ನು ಅವನಿಗೇ ಹಿಂದಿರುಗಿಸಿದ್ದು, ಅವನು ಪೋರ್ಚುಗೀಸರ ಕಡೆ ಹೋದಾಗ ಇವಳು ಕೆಳದಿಯ ವೆಂಕಟಪ್ಪ ನಾಯಕನ ಸಹಾಯ ಪಡೆದದ್ದು, ಇವೆಲ್ಲ ಈ ಇಟಲಿಯವನ ಬರಹದಲ್ಲೂ ಬರುತ್ತವೆ. ಓದಿದರೆ ದೇಶಭಕ್ತೆ-ದೇಶದ್ರೋಹಿ ಎಂಬ ಲೆಕ್ಕಕ್ಕಿಂತ ಎರಡು ಅರಸು ಮನೆತನಗಳ ಗಡಿ, ಮಾನ, ಒಡವೆಯ ತಕರಾರು ಕಾಣುತ್ತದೆ. ಪರಂಗಿಯವರು ಅದರ ನಡುವೆ ಕಪ್ಪ ಎತ್ತುತ್ತಿದ್ದರು. ಅವಳ ಕಡೆ ಮೊಗವೀರರಿದ್ದರು, ಬ್ಯಾರಿಗಳಿದ್ದರು, ಕಲ್ಲಿಕೋಟೆಯ ಸಾಮೂದಿರಿಯ ಸ್ನೇಹ ಇತ್ತು. ಒಬ್ಬಳನ್ನೇ ಪೀಠದ ಮೇಲೆ ನಿಲ್ಲಿಸಿದಾಗ ಇವರೆಲ್ಲ ಎಲ್ಲಿ ನಿಲ್ಲಬೇಕು?

ಈಗ 1837ಕ್ಕೆ ಬರುವ. 1834ರಲ್ಲಿ ಇಂಗ್ಲಿಷರು ಕೊಡಗಿನ ಅರಸನನ್ನು ಇಳಿಸಿ, ಅಮರ ಸುಳ್ಯ, ಪುತ್ತೂರು ಸೀಮೆಯನ್ನು ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಿ ಅಂದರು. ನಗದು ಎಲ್ಲಿಂದ ತರುವುದು? ಸಾಹುಕಾರನ ಹತ್ತಿರ ಹೋಗಬೇಕು. 1837ರ ಮಾರ್ಚ್ ಕೊನೆಗೆ ಸುಳ್ಯದ ಕಡೆಯಿಂದ ಎದ್ದ ರೈತರ ದಂಡು ಬೆಳ್ಳಾರೆಯ ಖಜಾನೆ ಹಿಡಿದು, ಪುತ್ತೂರು, ಪಾಣೆಮಂಗಳೂರು, ಬಂಟ್ವಾಳದ ಮೇಲೆ ಇಳಿಯಿತು. ನಂದಾವರದ ಲಕ್ಷ್ಮಪ್ಪ ಬಂಗರಸ ಸೇರಿಕೊಂಡದ್ದು ಈ ಹಂತದಲ್ಲಿ. ಏಪ್ರಿಲ್ 5ಕ್ಕೆ ಮಂಗಳೂರು ಅವರ ಕೈಗೆ ಬಂತು. ಗುಡ್ಡೆಯ ಮೇಲೆ ತಮ್ಮ ಬಾವುಟ ಹಾರಿಸಿದರು, ಬಾವುಟಗುಡ್ಡೆ ಅಂತ ಹೆಸರಾದದ್ದು ಹಾಗೆ ಅಂತ ಹೇಳುತ್ತಾರೆ. ಹದಿಮೂರು ದಿನ ಊರು ಅವರದ್ದೇ. ಆಮೇಲೆ ಕಂಪೆನಿಯ ಪಡೆ ಬಂತು. ಮುಖಂಡರಲ್ಲಿ ಕೆಲವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ, ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ನೇಣಿಗೆ ಹಾಕಿದರು.

ಊರಿನ ಬಾಯಲ್ಲಿ ಇದಕ್ಕೆ ಉಳಿದ ಹೆಸರು ಕಲ್ಯಾಣಪ್ಪನ ಕಾಟಕಾಯಿ. ಆ ಹೆಸರಿನ ಒಳಗೇ ಒಂದು ಗುಟ್ಟು ಉಂಟು. ದಂಡಿನ ಮುಂದೆ ಅರಸು ವಂಶದ ಕಲ್ಯಾಣಸ್ವಾಮಿ ಅಂತ ನಡೆದವನು ನಿಜವಾಗಿ ಪುಟ್ಟಬಸಪ್ಪ. ಜನ ಒಟ್ಟಾಗಬೇಕಾದರೆ ಒಬ್ಬ ಅರಸ ಬೇಕು ಅಂತ ಮುಖಂಡರು ಅವನಿಗೆ ಆ ಹೆಸರು ಕೊಟ್ಟರು. ಅಂದರೆ ಆ ನಾಯಕ ಬದುಕಿರುವಾಗಲೇ ಇನ್ನೊಬ್ಬರ ಪ್ರತಿಮೆಯಾಗಿ ನಡೆದವನು! ಅವನ ಮುಖ ಹೇಗಿತ್ತು? ಕೆದಂಬಾಡಿ ರಾಮಯ್ಯ ಗೌಡರದ್ದು? ಲಕ್ಷ್ಮಪ್ಪನದ್ದು? ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ಗೊತ್ತಾದದ್ದೇ 1839ರಲ್ಲಿ, ಈ ದಂಗೆ ಆಗಿ ಎರಡು ವರ್ಷದ ಮೇಲೆ. ಹಾಗಾಗಿ ಈಗ ಕಾಣುವ ಮೀಸೆ, ಮುಂಡಾಸು, ಹುಬ್ಬು ಎಲ್ಲ ನಮ್ಮ ಶಿಲ್ಪಿಗಳ ಊಹೆ. ಊಹೆ ಇರಲಿ. ಆದರೂ ಬಾವುಟಗುಡ್ಡೆಯ ಪ್ರತಿಮೆಯಲ್ಲಿ ಒಂದು ಸರಿಯಾದ ಕೆಲಸ ಆಗಿದೆ ಅಂತ ನನ್ನ ಅನಿಸಿಕೆ: ಬಾವುಟ ಹಾರಿದ ಗುಡ್ಡೆಯಲ್ಲೇ ನಿಲ್ಲಿಸಿದ್ದಾರೆ, ಅದೂ ರಸ್ತೆ ಬಿಟ್ಟು ಪಾರ್ಕಿನೊಳಗೆ. ನೋಡಬೇಕು ಅನ್ನುವವನು ನಿಂತು ನೋಡಬಹುದು.

ರಸ್ತೆ ಮಧ್ಯದ ಕಥೆ ಬೇರೆ. 2013ರ ಜನವರಿ 18ರಂದು ಸುಪ್ರೀಂ ಕೋರ್ಟ್ ಸಾರ್ವಜನಿಕ ರಸ್ತೆ, ಫುಟ್‌ಪಾತ್, ರಸ್ತೆಬದಿಗಳಲ್ಲಿ ಹೊಸ ಪ್ರತಿಮೆಗೆ ಅನುಮತಿ ಕೊಡಬಾರದು ಅಂತ ರಾಜ್ಯಗಳಿಗೆ ಹೇಳಿತು. ಕೇರಳದ ನೆಯ್ಯಾಟಿಂಕರದಲ್ಲಿ ಹೆದ್ದಾರಿಯಲ್ಲಿ ಒಬ್ಬ ನಾಯಕರ ಪ್ರತಿಮೆ ಇಡಲು ಹೊರಟಾಗ ಎದ್ದ ತಕರಾರು ಅದು. ಬೀದಿದೀಪ, ಸಂಚಾರ ವ್ಯವಸ್ಥೆಯಂಥ ಜನೋಪಯೋಗಿ ಕೆಲಸಕ್ಕೆ ಮಾತ್ರ ವಿನಾಯಿತಿ. ಕೋರ್ಟು ಸುಮ್ಮನೆ ಹೇಳಿದ್ದಲ್ಲ. 2023ರ ಆಗಸ್ಟಿನಲ್ಲಿ ಮಡಿಕೇರಿಯಲ್ಲಿ ಒಂದು ಬಸ್ಸು ಗುದ್ದಿ ಜನರಲ್ ತಿಮ್ಮಯ್ಯನವರ ಪ್ರತಿಮೆ ನೆಲಕ್ಕುರುಳಿತು. ಯುದ್ಧಗಳನ್ನು ಕಂಡ ಸೇನಾಧಿಪತಿ ಸರ್ಕಲಿನಲ್ಲಿ ಬಸ್ಸಿಗೆ ಬಿದ್ದರು.

ನಮ್ಮ ಮೂರು ಊರಿಗೂ ಈಗ ರಸ್ತೆ ಅಗಲೀಕರಣದ ಕಾಲ. ಬಿ.ಸಿ.ರೋಡಿನಿಂದ ಅಡ್ಡಹೊಳೆಗೆ, ಪುಂಜಾಲಕಟ್ಟೆಯಿಂದ ಚಾರ್ಮಾಡಿಗೆ, ಬಿಕರ್ನಕಟ್ಟೆಯಿಂದ ಮೂಡುಬಿದಿರೆ ದಾಟಿ ಸಾಣೂರಿಗೆ ರಸ್ತೆ ಅಗಲ ಆಗುತ್ತಿದೆ. ಹೌದು, ಅದೇ ಬಿಕರ್ನಕಟ್ಟೆ. ಇವತ್ತು ಆ ಹೆಸರು ಕೇಳಿದರೆ ನೆನಪಾಗುವುದು ಫ್ಲೈಓವರ್, ಟ್ರಾಫಿಕ್ಕು. ನೇಣಿನ ನೆನಪು ಪುಸ್ತಕದಲ್ಲಿ. ಅಗಲ ಆದ ರಸ್ತೆಗೆ ದೊಡ್ಡ ಸರ್ಕಲ್ ಬರುತ್ತದೆ, ಸರ್ಕಲಿಗೊಂದು ಹೆಸರು ಬೇಕಾಗುತ್ತದೆ, ಹೆಸರಿಗೊಂದು ಪ್ರತಿಮೆ ಬೇಕು ಅನಿಸುತ್ತದೆ. ಆಮೇಲೆ ಯಾರ ಹೆಸರು, ಯಾವ ಜಾತಿಯವರ ನಾಯಕ, ಯಾವ ಪಕ್ಷದವರು ಉದ್ಘಾಟನೆ ಮಾಡಬೇಕು ಎಂಬ ಜಗಳ. ಕಾರ್ಕಳದ ಉಮಿಕ್ಕಳ ಬೆಟ್ಟದಲ್ಲಿ 2023ರ ಜನವರಿಯಲ್ಲಿ ಉದ್ಘಾಟನೆಯಾದ ಪರಶುರಾಮನ ಮೂರ್ತಿಯದ್ದು ಚರಿತ್ರೆಯ ನಾಯಕನ ಕಥೆ ಅಲ್ಲ, ನಿಜ. ಆದರೆ ಅದು ಕಂಚೋ ಬೇರೆಯೋ ಎಂಬ ತಕರಾರು ಕೋರ್ಟಿಗೆ ಹೋದದ್ದನ್ನು ನಾವೆಲ್ಲ ನೋಡಿದ್ದೇವೆ. 1432ರಲ್ಲಿ ಒಂದೇ ಕಲ್ಲಿನಲ್ಲಿ 42 ಅಡಿ ನಿಲ್ಲಿಸಿದ ಊರಿನ ಪಕ್ಕದಲ್ಲೇ ಇದಾಯಿತು.

ಹಾಗಾದರೆ ಏನು ಮಾಡಬಹುದು? ಅಜಿಲ ಮಾಡಿದ್ದನ್ನೇ ಮಾಡಬಹುದು: ಬರೆಸುವುದು. ನಂದಾವರದಲ್ಲಿ ಬಂಗರಸನ ಹೆಸರಿನ ಒಂದು ಕಲ್ಲು ನಿಲ್ಲಲಿ, ಅದರಲ್ಲಿ ಇಬ್ಬರು ಲಕ್ಷ್ಮಪ್ಪರ ಕಥೆಯೂ ಇರಲಿ. ಒಬ್ಬ ಪೋರ್ಚುಗೀಸರ ಕಡೆ ಹೋದ, ಇನ್ನೊಬ್ಬ ಇಂಗ್ಲಿಷರ ವಿರುದ್ಧ ಹೋಗಿ ಸತ್ತ, ಇಬ್ಬರೂ ಈ ನೆಲದವರೇ ಅಂತ ಮಕ್ಕಳು ಓದಲಿ. ವೇಣೂರಿನ ಶಾಸನದ ಅರ್ಥ ಇವತ್ತಿನ ಕನ್ನಡದಲ್ಲಿ, ತುಳುವಿನಲ್ಲಿ ಪಕ್ಕದಲ್ಲೇ ಓದಲು ಸಿಗಲಿ. ಕೊಡಂಗಲ್ಲಿನ ನಿಸಿದಿಗಳ ಬುಡದ ಬಲ್ಲೆ ಕಡಿಯಲು ವರ್ಷಕ್ಕೆ ಬೇಕಾಗುವ ಖರ್ಚು ಒಂದು ಕಂಚಿನ ಕುದುರೆಯ ಖರ್ಚಿನಲ್ಲಿ ಎಷ್ಟನೇ ಪಾಲು ಅಂತ ಯಾರಾದರೂ ಲೆಕ್ಕ ಹಾಕಲಿ. ಬಿ.ಸಿ.ರೋಡಿನ ಸಂಚಯಗಿರಿಯಲ್ಲಿ ರಾಣಿ ಅಬ್ಬಕ್ಕನ ಹೆಸರಿನಲ್ಲೇ ತುಳು ಅಧ್ಯಯನ ಕೇಂದ್ರ ಉಂಟು, ತುಳು ಬದುಕಿನ ವಸ್ತುಸಂಗ್ರಹಾಲಯ ಉಂಟು. ನಮ್ಮ ಅಜ್ಜ-ಅಜ್ಜಿ ಹಿಡಿದ ಪಾತ್ರೆ, ಸಲಕರಣೆ ಅಲ್ಲಿವೆ. ಆ ಕಾಲುವೆ ನೋಡಲು ಹೊರಟ ರಾಣಿಗೆ ಕತ್ತಿಗಿಂತ ಆ ಸಾಮಾನುಗಳೇ ಹೆಚ್ಚು ಗುರುತು ಸಿಗಬಹುದು.

ಇಷ್ಟಾದ ಮೇಲೂ ಪ್ರತಿಮೆ ಬೇಕೇ ಬೇಕು ಅಂದರೆ ಆಗಲಿ. ರಸ್ತೆ ಬಿಟ್ಟು, ನೆರಳು ಇರುವಲ್ಲಿ, ಹತ್ತಿರ ಹೋಗಿ ನಿಲ್ಲಬಹುದಾದಲ್ಲಿ ಮಾಡಿ. ಅನಾವರಣ ಮಾಡಿದ ಮಂತ್ರಿಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಇವರು ಯಾರು, ಎಲ್ಲಿಯವರು, ಏನು ಮಾಡಿದರು, ಯಾರ ಜೊತೆ ಮಾಡಿದರು, ಈ ಮುಖ ಶಿಲ್ಪಿಯ ಕಲ್ಪನೆ ಅಂತ ಐದು ಸಾಲು ಬರೆಸಿ. ಹಾಗೆಯೇ ಶಿಲ್ಪಿಯನ್ನು ಒಂದು ಮಾತು ಕೇಳಿ ನೋಡಿ: ಕುದುರೆ ಬೇಡ, ಬರಿಗಾಲಲ್ಲಿ ಗರಿಯ ಕೊಡೆಯ ಕೆಳಗೆ ನಡೆಯುವ ಒಬ್ಬ ರಾಣಿಯನ್ನು ಮಾಡಿಕೊಡಲಿಕ್ಕೆ ಆಗುತ್ತದಾ ಅಂತ.